ಕಂಬ ಉಳಿದವು, ಸೇತುವೆ ಹೋಯ್ತು: ಆನೆಗೊಂದಿ–ಹಂಪಿ ನಡುವಿನ ಕಳೆದುಹೋದ ಸೇತುವೆಗಳ ಕಥೆ

ಗಂಗಾವತಿ: ಪ್ರತಿ ಮಳೆಗಾಲ ತುಂಗಭದ್ರಾ ಡ್ಯಾಂನಿಂದ ನದಿಗೆ ನೀರು ಬಿಟ್ಟಾಗ ನಾವೆಲ್ಲ ಓದುವ ಸುದ್ದಿ ಒಂದೇ ಥರ ಇರ್ತದೆ. ಪುರಂದರ ಮಂಟಪ ಮುಳುಗಿತು, 64 ಕಂಬಗಳ ಮಂಟಪ ಮುಳುಗಿತು, ನವವೃಂದಾವನ ಗಡ್ಡೆಗೆ ಸಂಪರ್ಕ ಕಡಿತ, ಕಂಪ್ಲಿ ಸೇತುವೆ ಮೇಲೆ ಸಂಚಾರ ಬಂದ್. ಇದೇ ಪಟ್ಟಿಯಲ್ಲಿ ಇನ್ನೊಂದು ಹೆಸರೂ ಬರ್ತದೆ: ವಿಜಯನಗರ ಕಾಲದ ಕಾಲು ಸೇತುವೆ. ಓದಿ ಮುಂದೆ ಹೋಗ್ತೀವಿ. ಅದು ಯಾವ ಸೇತುವೆ, ಎಲ್ಲಿತ್ತು, ಯಾಕೆ ಹೋಯ್ತು ಅಂತ ಕೇಳಿದರೆ ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ.

ಆನೆಗೊಂದಿ ಮತ್ತು ಹಂಪಿ ನಡುವೆ ಸೇತುವೆ ಅನ್ನೋದು ಒಂದು ಸಲ ಕಟ್ಟಿ ಕಳೆದುಕೊಂಡದ್ದಲ್ಲ. ಒಂದು ವಿಜಯನಗರದ ಕಾಲದ್ದು, ಹೋಯ್ತು. ಇನ್ನೊಂದು ಕಟ್ಟಿ ಬಿಚ್ಚಬೇಕಾಯ್ತು. ಮತ್ತೊಂದು ನಮ್ಮ ಕಣ್ಣೆದುರೇ 2009ರಲ್ಲಿ ಕುಸಿದು ಬಿತ್ತು. ಈ ಮೂರೂ ಸೇತುವೆಗಳ ಮಾಹಿತಿ ಒಂದೇ ಕಡೆ ಸಿಗಲಿ ಅಂತ ಈ ಲೇಖನ.

ಹಳೆ ಸೇತುವೆ ಎಲ್ಲಿದೆ?

ಹಂಪಿಯ ವಿಜಯ ವಿಠ್ಠಲ ದೇವಸ್ಥಾನದಿಂದ ನದಿ ಕಡೆ ಇಳಿದರೆ ಪುರಂದರದಾಸರ ಮಂಟಪ ಸಿಗ್ತದೆ. ಆ ಭಾಗದಲ್ಲಿ ನಿಂತು ಹೊಳೆ ಕಡೆ ನೋಡಿದರೆ ನೀರಿನ ನಡುವೆ ಉದ್ದನೆಯ ಕಲ್ಲಿನ ಕಂಬಗಳು ಸಾಲಾಗಿ ನಿಂತಿರೋದು ಕಾಣ್ತದೆ. ಕೆಲವು ನೆಟ್ಟಗಿವೆ, ಕೆಲವು ವಾಲಿವೆ, ಕೆಲವು ಬಿದ್ದಿವೆ. ದೂರದಿಂದ ನೋಡಿದವರು ಇದು ಯಾವುದೋ ಬಿದ್ದ ಮಂಟಪ ಇರಬೇಕು ಅಂದುಕೊಳ್ತಾರೆ. ಮಂಟಪ ಅಲ್ಲ, ಅದೇ ಹಳೆ ಸೇತುವೆ. ದಕ್ಷಿಣ ದಂಡೆಯ ರಾಜಧಾನಿಯನ್ನು ಉತ್ತರ ದಂಡೆಯ ಆನೆಗೊಂದಿ ಕಡೆಗೆ ಜೋಡಿಸಲು ನಿಲ್ಲಿಸಿದ ಕಂಬಗಳು ಅವು.

ಬೇಸಿಗೆಯಲ್ಲಿ ನೀರು ಇಳಿದಾಗ ಕಂಬದ ಸಾಲು ಚೆನ್ನಾಗಿ ಕಾಣ್ತದೆ. ಮಳೆಗಾಲದಲ್ಲಿ ಡ್ಯಾಂ ಗೇಟು ತೆಗೆದು ಲಕ್ಷ ಕ್ಯೂಸೆಕ್ ದಾಟಿ ನೀರು ಬಿಟ್ಟರೆ ಕಂಬಗಳೂ ಮುಳುಗಿ ಹೋಗ್ತವೆ. ಈಗ ಉಳಿದಿರೋದು ಕಂಬಗಳು ಮಾತ್ರ. ಜನ, ದನ, ಹೇರು ದಾಟಿದ ಮೇಲಿನ ಹಾಸು ಒಂದು ಚೂರೂ ಉಳಿದಿಲ್ಲ.

ಸೇತುವೆ ಯಾಕೆ ಬೇಕಾಗಿತ್ತು?

ಇದನ್ನು ತಿಳಿಯಬೇಕಂದ್ರೆ ನಮ್ಮ ಭಾಗದ ಇತಿಹಾಸ ಸ್ವಲ್ಪ ನೆನಪು ಮಾಡಿಕೊಳ್ಳಬೇಕು. ವಿಜಯನಗರಕ್ಕಿಂತ ಮುಂಚೆ ಇಲ್ಲಿ ಕಂಪಿಲಿ ರಾಜ್ಯ ಇತ್ತು. ಗಂಗಾವತಿ ಸೀಮೆಯ ಕುಮ್ಮಟದುರ್ಗ, ಗಂಡುಗಲಿ ಕುಮಾರರಾಮ ಅಂದರೆ ಇವತ್ತಿಗೂ ಹಳ್ಳಿ ಜನರಿಗೆ ಗೊತ್ತು. 1327ರ ಹೊತ್ತಿಗೆ ದೆಹಲಿಯ ತುಘಲಕ್ ಸೈನ್ಯದ ಎದುರು ಆ ರಾಜ್ಯ ಮುಗಿದುಹೋಯ್ತು. 1336ರಲ್ಲಿ ವಿಜಯನಗರ ಸ್ಥಾಪನೆ ಆಯ್ತು ಅಂತ ಶಾಲೆಯಲ್ಲಿ ಓದಿದ್ದೀವಿ. ಹೊಸ ರಾಜಧಾನಿ ಬೆಳೆದದ್ದು ಹೊಳೆಯ ದಕ್ಷಿಣಕ್ಕೆ, ಹಂಪಿಯಲ್ಲಿ. ಮೊದಲಿನ ನೆಲೆ ಆನೆಗೊಂದಿ ಹೊಳೆಯ ಉತ್ತರಕ್ಕೆ ಉಳೀತು.

ಉತ್ತರ ದಿಕ್ಕಿನಿಂದ ಬಹಮನಿ ಸುಲ್ತಾನರ ಭಯ. ನಡುವೆ ಹೊಳೆ ಇದ್ದದ್ದು ರಾಜಧಾನಿಗೆ ಒಂದು ಕಂದಕ ಇದ್ದ ಹಾಗೆ. ಆದರೆ ಅದೇ ಹೊಳೆ ಊರಿನ ಜನರಿಗೆ ಅಡ್ಡಿನೂ ಹೌದು. ಕೃಷ್ಣಾ–ತುಂಗಭದ್ರಾ ನಡುವಿನ ದೋಆಬ್ ನೆಲ, ರಾಯಚೂರು ಕೋಟೆ, ಮುದಗಲ್ ಕೋಟೆ, ಇವೆಲ್ಲ ಹೊಳೆಯ ಆಚೆ ಇದ್ದವು. 1520ರಲ್ಲಿ ಕೃಷ್ಣದೇವರಾಯ ರಾಯಚೂರಿಗೆ ದಂಡೆತ್ತಿ ಹೋದಾಗಲೂ ಸೈನ್ಯ ಈ ಹೊಳೆ ದಾಟಲೇಬೇಕಾಗಿತ್ತು. ಹೀಗೆ ಹೊಳೆ ಒಂದು ಕಡೆ ಕಾವಲು, ಇನ್ನೊಂದು ಕಡೆ ತೊಡಕು. ಸೇತುವೆ ಕಟ್ಟಿದರೆ ದಾಟಲು ಅನುಕೂಲ, ಶತ್ರು ಬಂದರೆ ಅವನಿಗೂ ಅನುಕೂಲ. ನದಿ ದಂಡೆಯ ಊರುಗಳಿಗೆಲ್ಲ ಈ ಸಂಕಟ ಇದ್ದದ್ದೇ.

ಅದಕ್ಕೇ ನದಿ ಘಟ್ಟಗಳಲ್ಲಿ ಹೆಬ್ಬಾಗಿಲು, ಕಾವಲು ಎಲ್ಲ ಇದ್ದವು. ಹಂಪಿ ಕಡೆಯ ದಂಡೆಗೆ ತಳವಾರಘಟ್ಟ ಅಂತಲೇ ಹೆಸರು, ತಳವಾರ ಅಂದ್ರೆ ಕಾವಲುಗಾರ. ಅಲ್ಲಿಗೆ ಹೋಗುವ ದಾರಿಯಲ್ಲಿ ಆ ಕಾಲದ ಹೆಬ್ಬಾಗಿಲು ಇನ್ನೂ ನಿಂತಿದೆ. ಈ ಬಾಗಿಲಿನ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರ್ತದೆ.

ಹೇಗೆ ಕಟ್ಟಿದ್ದರು?

ಹಂಪಿ–ಆನೆಗೊಂದಿ ಸುತ್ತ ಹೊಳೆಯ ತಳ ಬರೀ ಮರಳಲ್ಲ, ಗಟ್ಟಿ ಗ್ರಾನೈಟ್ ಬಂಡೆ. ಇದು ಸೇತುವೆ ಕಟ್ಟುವವರಿಗೆ ಬಲುದೊಡ್ಡ ಅನುಕೂಲ. ಬುನಾದಿಗಾಗಿ ಆಳಕ್ಕೆ ಅಗೆಯೋ ಕೆಲಸ ಇಲ್ಲ, ಬೇಸಿಗೆಯಲ್ಲಿ ನೀರು ಇಳಿದಾಗ ಬಂಡೆಯ ಮೇಲೇ ಕಂಬ ನಿಲ್ಲಿಸಬಹುದು. ಕಲ್ಲಿಗೂ ಕೊರತೆ ಇಲ್ಲ. ಈ ಗುಡ್ಡಗಳಲ್ಲಿ ಈಗಲೂ ಬಂಡೆಗಳ ಮೇಲೆ ಸಾಲಾಗಿ ಚೌಕಾಕಾರದ ಸಣ್ಣ ಗುಳಿಗಳು ಕಾಣ್ತವೆ. ಗುಳಿ ಕೊರೆದು, ಬೆಣೆ ಹೊಡೆದು, ಕಲ್ಲನ್ನು ರೊಟ್ಟಿ ಮುರಿದಂಗೆ ನೆಟ್ಟಗೆ ಸೀಳುತ್ತಿದ್ದರು. ಅದೇ ಕಲ್ಲು ದೇವಸ್ಥಾನಕ್ಕೂ ಹೋಯ್ತು, ಕೋಟೆಗೂ ಹೋಯ್ತು, ಸೇತುವೆಗೂ ಬಂತು.

ಈ ಸೇತುವೆಯಲ್ಲಿ ಕಮಾನು ಇಲ್ಲ. ದೇವಸ್ಥಾನದ ಮಂಟಪ ಹೇಗೋ ಹಾಗೇ: ನೆಟ್ಟಗೆ ಕಂಬ, ಕಂಬದ ಮೇಲೆ ಅಡ್ಡ ತೊಲೆ, ತೊಲೆ ಮೇಲೆ ಹಾಸು. ಈ ಪದ್ಧತಿಯಲ್ಲಿ ಒಂದು ಮಿತಿ ಇದೆ. ಕಲ್ಲು ಎಷ್ಟು ಭಾರ ಬೇಕಾದರೂ ಹೊರ್ತದೆ, ಆದರೆ ಬಾಗಲ್ಲ. ಎರಡು ಕಂಬದ ನಡುವೆ ಉದ್ದನೆ ಕಲ್ಲು ಅಡ್ಡ ಇಟ್ಟು ಮೇಲೆ ಭಾರ ಬಿದ್ದರೆ ನಡುವೆ ಪಟ್ ಅಂತ ಮುರೀತದೆ. ಅದಕ್ಕೇ ಕಲ್ಲಿನ ತೊಲೆ ಹಾಕೋದಾದರೆ ಕಂಬಗಳು ಒತ್ತೊತ್ತಾಗಿ ಇರಬೇಕು. ಮರ ಹಾಗಲ್ಲ. ಮರ ಬಾಗ್ತದೆ, ಭಾರ ಇಳಿದ ಮೇಲೆ ಮತ್ತೆ ಸರಿ ಆಗ್ತದೆ, ಹಗುರ ಇರ್ತದೆ, ಹೆಚ್ಚು ಅಂತರಕ್ಕೂ ಹಾಕಬಹುದು. ಅದಕ್ಕೇ ಈ ಸೇತುವೆಯ ಮೇಲಿನ ಹಾಸು ಮರದ್ದು ಅಂತ ಹೇಳುವವರಿದ್ದಾರೆ, ಕಲ್ಲಿನ ಚಪ್ಪಡಿ ಅಂತ ಹೇಳುವವರೂ ಇದ್ದಾರೆ.

ಕಂಬದ ಮೇಲೆ ಕಲ್ಲು ಹಾಸುವ ಪದ್ಧತಿ ನೋಡಬೇಕಂದ್ರೆ ನಮ್ಮ ಕಡೆಯ ದಂಡೆಯಲ್ಲೇ ಒಂದು ಉದಾಹರಣೆ ಇದೆ. ಆನೆಗೊಂದಿ–ವಿರುಪಾಪುರ ಗಡ್ಡೆ ಭಾಗದಲ್ಲಿ ಕಲ್ಲಿನ ಕಂಬಗಳ ಮೇಲೆ ನೀರು ಸಾಗಿಸಲು ಕಟ್ಟಿದ ಹಳೆ ಮೇಲ್ಗಾಲುವೆ ಇದೆ, ಬುಕ್ಕನ ಮೇಲ್ಗಾಲುವೆ ಅಂತ ಕರೀತಾರೆ. ಅದು ಇನ್ನೂ ನಿಂತಿದೆ. ಸೇತುವೆ ನಿಲ್ಲಲಿಲ್ಲ. ಕಾರಣ ಸರಳ. ಮೇಲ್ಗಾಲುವೆ ಹೊಳೆಯ ದೊಡ್ಡ ಪ್ರವಾಹದ ಬಾಯಿಗೆ ಅಡ್ಡ ನಿಂತಿಲ್ಲ, ಸೇತುವೆ ಅಡ್ಡ ನಿಂತಿತ್ತು. ಮಹಾಪೂರ ಬಂದಾಗ ಬರೀ ನೀರು ಬರಲ್ಲ. ಬುಡಸಮೇತ ಕಿತ್ತ ಮರ, ಕೊಂಬೆ, ಕಸ ಎಲ್ಲ ಬಂದು ಕಂಬಕ್ಕೆ ಬಡೀತದೆ, ಅಲ್ಲೇ ಸಿಕ್ಕಿಹಾಕಿಕೊಂಡು ನೀರನ್ನು ತಡೀತದೆ. ನೀರಿನ ಒತ್ತಡ ಏರ್ತದೆ. ಮರದ ಹಾಸಾದರೆ ತೇಲಿ ಹೋಗ್ತದೆ, ಕಲ್ಲಿನದಾದರೆ ಸರಿದು ಬೀಳ್ತದೆ.

ಹೀಗೆ ಹೋದ ಹಾಸನ್ನು ಪ್ರತಿ ಸಲ ಮತ್ತೆ ಹಾಕಲು ಒಂದು ಆಡಳಿತ ಬೇಕು, ಕೂಲಿ ಕೊಡಲು ಬೊಕ್ಕಸ ಬೇಕು. 1565ರ ಜನವರಿಯಲ್ಲಿ ನಾವು ತಾಳಿಕೋಟೆ ಕದನ ಅಂತ ಕರೆಯೋ ಯುದ್ಧದಲ್ಲಿ ವಿಜಯನಗರ ಸೋತಿತು. ರಾಜಧಾನಿ ಲೂಟಿ ಆಯ್ತು, ಜನ ಊರು ಬಿಟ್ಟರು. ದಾಟುವವರೇ ಇಲ್ಲದ ಮೇಲೆ ಸೇತುವೆಯನ್ನು ಯಾರು ದುರಸ್ತಿ ಮಾಡ್ತಾರೆ? ಕಂಬಗಳು ಉಳಿದವು, ಅಷ್ಟೇ.

ಮರದ ಸೇತುವೆಗೆ ಮಾಡು ಯಾಕೆ ಹಾಕ್ತಾರೆ?

ಮರದ ಸೇತುವೆ ಮಾತು ಬಂದಾಗ ಒಂದು ವಿಷಯ ಹೇಳಲೇಬೇಕು. ಪರದೇಶದಲ್ಲಿ ಮನೆಯಂತೆ ಮಾಡು, ಪಕ್ಕಕ್ಕೆ ಹಲಗೆ ಗೋಡೆ ಇರೋ ಮರದ ಸೇತುವೆಗಳಿವೆ. ಸಿನಿಮಾದಲ್ಲಿ ನೋಡಿರ್ತೀರಿ. ಅದು ಚೆಂದಕ್ಕೆ ಮಾಡಿದ್ದು ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ, ಅದು ಮರ ಉಳಿಸುವ ಉಪಾಯ.

ನಮ್ಮ ಭಾಷೆಯಲ್ಲೇ ಹೇಳೋದಾದರೆ ತೇರನ್ನು ನೆನಪಿಸಿಕೊಳ್ಳಿ. ಕೊಪ್ಪಳ ಗವಿಮಠದ ಜಾತ್ರೆ ಇರಲಿ, ನಿಮ್ಮೂರ ಬಸವಣ್ಣನ ಜಾತ್ರೆ ಇರಲಿ, ತೇರು ಎಳೆದಾದ ಮೇಲೆ ಅದನ್ನು ಬಿಸಿಲು ಮಳೆಗೆ ಬಿಡ್ತಾರಾ? ತಗಡಿನ ಮನೆ ಮಾಡಿಸಿ ಒಳಗೆ ನಿಲ್ಲಿಸ್ತಾರೆ, ಇಲ್ಲಾ ಸುತ್ತ ತಗಡು ಮುಚ್ಚಿಸ್ತಾರೆ. ಯಾಕಂದ್ರೆ ಮರಕ್ಕೆ ನೀರು ಕುಡಿಸಿ ಒಣಗಿಸಿ, ಮತ್ತೆ ಕುಡಿಸಿ ಒಣಗಿಸಿ ಮಾಡಿದರೆ ಸೀಳು ಬಿಡ್ತದೆ, ಕೀಲಿನಲ್ಲಿ ಕೊಳೆ ಹತ್ತುತ್ತದೆ. ಕಿನ್ನಾಳದ ಚಿತ್ರಗಾರರೂ ಇದೇ ತತ್ವ ಪಾಲಿಸ್ತಾರೆ. ಹಗುರ ಮರದಲ್ಲಿ ಗೊಂಬೆ ಕೆತ್ತಿ, ಹುಣಸೆ ಬೀಜದ ಅಂಟು, ಮರದ ಹೊಟ್ಟು ಹಚ್ಚಿ, ಸುಣ್ಣದ ಪುಡಿ ಬಳಿದು, ಮೇಲೆ ಬಣ್ಣ ಹಾಕೋದು ಬರೀ ಅಂದಕ್ಕಲ್ಲ, ಮರದ ಮೈ ಮುಚ್ಚಲಿಕ್ಕೂ ಹೌದು.

ಸೇತುವೆಯಲ್ಲಿ ಭಾರ ಹೊರೋದು ಪಕ್ಕದ ದೊಡ್ಡ ತೊಲೆಗಳು, ಅವುಗಳ ಕೀಲುಗಳು. ಅವು ಒಣಗಿದ್ದರೆ ಸೇತುವೆ ನೂರಾರು ವರ್ಷ ಬಾಳ್ತದೆ. ತೋಯ್ದರೆ ಹತ್ತಿಪ್ಪತ್ತು ವರ್ಷಕ್ಕೆ ಕೆಟ್ಟು ಹೋಗ್ತದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1805ರಲ್ಲಿ ಮುಗಿದ ಮರದ ಸೇತುವೆಗೆ ಇದೇ ಕಾರಣಕ್ಕೆ ಮಾಡು ಹಾಕಿಸಿದರು. ಅಲ್ಲಿಂದ ಮುಂದೆ ಆ ದೇಶದಲ್ಲಿ ಇಂಥ ಸೇತುವೆಗಳು ಬಹಳ ಆದವು. ಸ್ವಿಟ್ಜರ್ಲೆಂಡಿನ ಲೂಸರ್ನ್ ಊರಿನ ಮಾಡಿನ ಸೇತುವೆ 14ನೇ ಶತಮಾನದ್ದು, ಅಂದ್ರೆ ನಮ್ಮ ವಿಜಯನಗರ ಹುಟ್ಟಿದ ಕಾಲದ್ದು. 1993ರ ಆಗಸ್ಟ್‌ನಲ್ಲಿ ಬೆಂಕಿ ಬಿದ್ದು ಅದರ ಬಹುಭಾಗ ಸುಟ್ಟಿತು. ಮರುವರ್ಷವೇ ಊರವರು ಮತ್ತೆ ಕಟ್ಟಿ ನಿಲ್ಲಿಸಿದರು. ನ್ಯೂಯಾರ್ಕ್ ರಾಜ್ಯದ ಬ್ಲೆನ್‌ಹೈಮ್ ಸೇತುವೆ 1855ರದ್ದು. 2011ರ ಆಗಸ್ಟ್ 28ರಂದು ಐರೀನ್ ಚಂಡಮಾರುತದ ಪ್ರವಾಹದಲ್ಲಿ ಕೊಚ್ಚಿ ಹೋಯ್ತು. ಏಳು ವರ್ಷದ ಮೇಲೆ, 2018ರಲ್ಲಿ, ಅದೇ ನಮೂನೆಯ ಸೇತುವೆಯನ್ನು ಮತ್ತೆ ಕಟ್ಟಿದರು.

ಇವು ಉಳಿದದ್ದು, ಬಿದ್ದ ಮೇಲೂ ಮತ್ತೆ ಎದ್ದದ್ದು ಯಾಕೆ? ಅವುಗಳ ಅಳತೆ, ನಕ್ಷೆ, ಫೋಟೊ ಊರಿನ ಬಳಿ ಇದ್ದವು, ಅದಕ್ಕೇ ಮತ್ತೆ ಕಟ್ಟಲು ಬಂತು. ನಮ್ಮ ಆನೆಗೊಂದಿ ಸೇತುವೆ ಮೇಲ್ಭಾಗಕ್ಕೆ ಅಂಥ ದಾಖಲೆ ಯಾರೂ ಇಡಲಿಲ್ಲ. ಆ ವ್ಯತ್ಯಾಸ ನೆನಪಿರಲಿ.

ಕರ್ನಾಟಕದಲ್ಲಿ ಮರದ ಸೇತುವೆ ಇಲ್ಲ ಅಂತಲ್ಲ. ಮಲೆನಾಡು, ಕರಾವಳಿಯಲ್ಲಿ ಅಡಿಕೆ ಮರ, ಬಿದಿರು ಜೋಡಿಸಿ ಹಳ್ಳಕ್ಕೆ ಕಾಲುಸಂಕ ಹಾಕ್ತಾರೆ. ಅದಕ್ಕೆ ಮಾಡು ಇರಲ್ಲ, ಮಳೆಗಾಲಕ್ಕೊಮ್ಮೆ ಹೊಸದು ಹಾಕೋದೇ ರೂಢಿ. ಅಂಥ ಕಡೆಗಳಿಗೆ ಸುಳ್ಯದ ಗಿರೀಶ್ ಭಾರದ್ವಾಜ್ ಅವರು 1989ರಿಂದ ತೂಗು ಸೇತುವೆ ಕಟ್ಟಿಕೊಟ್ಟು ಹೆಸರಾದರು, 2017ರಲ್ಲಿ ಪದ್ಮಶ್ರೀ ಬಂತು. ತುಂಗಭದ್ರೆಯಂಥ ದೊಡ್ಡ ಹೊಳೆಗೆ ಕಾಲುಸಂಕ ಸಾಲಲ್ಲ. ಇಲ್ಲಿ ಸೇತುವೆ ಹೋದ ಮೇಲೆ ಉಳಿದದ್ದು ಹರಗೋಲು ಮಾತ್ರ.

ಹರಗೋಲಿನ ಕಾಲ

ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸು, ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಇಲ್ಲಿಗೆ ಬಂದಿದ್ದ. ಆನೆಗೊಂದಿಗೆ ಜನ ಬುಟ್ಟಿಯಂಥ ದುಂಡನೆ ದೋಣಿಯಲ್ಲಿ ದಾಟ್ತಾರೆ ಅಂತ ಬರೆದಿಟ್ಟಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ, ಹದಿನೈದು ಇಪ್ಪತ್ತು ಜನ ಕೂರಬಹುದು, ಬೇಕಾದರೆ ಕುದುರೆ, ಎತ್ತನ್ನೂ ಸಾಗಿಸಬಹುದು, ನೆಟ್ಟಗೆ ಹೋಗದೆ ಗಿರಗಿರ ತಿರುಗುತ್ತ ಸಾಗ್ತದೆ ಅನ್ನೋದೆಲ್ಲ ಅವನ ಬರಹದಲ್ಲಿದೆ. ಅಂದ್ರೆ ಸಾಮ್ರಾಜ್ಯ ತುಂಬು ವೈಭವದಲ್ಲಿ ಇದ್ದಾಗಲೂ ಸಾಮಾನ್ಯರ ದಾಟುವಿಕೆ ಹರಗೋಲಿನ ಮೇಲೇ ನಡೀತಿತ್ತು.

ಆಮೇಲೆ ಹೆಚ್ಚೂ ಕಮ್ಮಿ ಐದು ನೂರು ವರ್ಷ ಹರಗೋಲು ಬದಲಾಗಲಿಲ್ಲ. ಬಿದಿರಿನ ಸೀಳು ಹೆಣೆದು ಬುಟ್ಟಿ ಮಾಡೋದು ಅದೇ. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂತು, ಅಷ್ಟೇ. ಇದರಲ್ಲಿ ಶಾಲೆ ಮಕ್ಕಳು ದಾಟಿದರು, ಬಾಳೆಗೊನೆ ದಾಟಿತು, ಸೈಕಲ್ ದಾಟಿತು, ಮೋಟರ್ ಸೈಕಲ್ಲೂ ದಾಟಿತು. ಅಂಬಿಗರ ಕುಟುಂಬಗಳು ಇದರಲ್ಲೇ ಬದುಕಿದವು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅಂತ ಗಾದೆ ಇದೆ. ಆನೆಗೊಂದಿಯವರಿಗೆ ಆ ಗಾದೆ ಹೊಂದಲ್ಲ. ಅವರಿಗೆ ಸಂಜೆ ವಾಪಸ್ ಬರಲಿಕ್ಕೂ ಅಂಬಿಗನೇ ಬೇಕಾಗಿತ್ತು.

ನೀರು ಏರಿದರೆ ಹರಗೋಲು ನಿಲ್ತಿತ್ತು. ಆಗ ಎದುರಿಗೆ ಕಾಣೋ ಊರಿಗೆ ಹೋಗಲು ಗಂಗಾವತಿ, ಹೊಸಪೇಟೆ ಸುತ್ತಿಕೊಂಡು 40 ಕಿ.ಮೀ. ಆಸುಪಾಸು ಹೋಗಬೇಕು. ಹೆರಿಗೆ ನೋವು, ಹಾವು ಕಡಿತ ಅಂಥ ಹೊತ್ತಿನಲ್ಲಿ ಈ ಸುತ್ತು ದಾರಿಯ ಅರ್ಥ ಏನು ಅಂತ ದಂಡೆಯ ಊರಿನವರಿಗೇ ಗೊತ್ತು. ಸೇತುವೆ ಬೇಕು ಅನ್ನೋ ಕೂಗು ಇಲ್ಲಿಂದಲೇ ಬಂತು.

ತಳವಾರಘಟ್ಟ ಸೇತುವೆ: ಆಸೆ ಮತ್ತು ಕುಸಿತ

1986ರಲ್ಲಿ ಹಂಪಿ ಸ್ಮಾರಕಗಳು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. 1990ರ ದಶಕದಲ್ಲಿ ಎರಡು ಹೊಸ ಸೇತುವೆ ಕೆಲಸ ಸುರು ಆಯ್ತು. ಒಂದು ಆನೆಗೊಂದಿ–ತಳವಾರಘಟ್ಟ ನಡುವೆ ವಾಹನ ಓಡಾಡುವ ದೊಡ್ಡ ಸೇತುವೆ, ಕೇಬಲ್ಲಿಂದ ಎಳೆದು ನಿಲ್ಲಿಸುವ ಮಾದರಿ. ಇನ್ನೊಂದು ವಿರುಪಾಪುರ ಗಡ್ಡೆ–ಹಂಪಿ ನಡುವೆ ನಡೆದು ಹೋಗುವ ತೂಗು ಸೇತುವೆ.

ಜನರಿಗೆ ಖುಷಿ ಆಯ್ತು. ಆದರೆ ಪರಂಪರೆ ತಜ್ಞರ ಆಕ್ಷೇಪ ಬಂತು. ದೊಡ್ಡ ಸೇತುವೆ ಆದರೆ ಲಾರಿ, ಬಸ್ಸು ಹಂಪಿಯ ಸ್ಮಾರಕಗಳ ನಡುವಿನ ದಾರಿ ಹಿಡೀತವೆ, ತಳವಾರಘಟ್ಟದ ಹಳೆ ಹೆಬ್ಬಾಗಿಲು ಅದೇ ದಾರಿಯಲ್ಲಿದೆ, ಹೊಳೆ–ಗುಡ್ಡ–ಸ್ಮಾರಕ ಸೇರಿದ ನೋಟವೇ ಕೆಡ್ತದೆ ಅನ್ನೋದು ಅವರ ವಾದ. 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ಪರಂಪರೆ ತಾಣಗಳ ಪಟ್ಟಿಗೆ ಹಾಕಿತು. ಈ ಎರಡು ಸೇತುವೆಗಳೇ ಅದಕ್ಕೆ ಮುಖ್ಯ ಕಾರಣ.

ಅಲ್ಲಿಂದ ಎಳೆದಾಟ. ಕೆಲಸ ನಿಂತಿತು. ವಿರುಪಾಪುರ ಗಡ್ಡೆಯ ತೂಗು ಸೇತುವೆಯನ್ನು ಬಿಚ್ಚಿ ತೆಗೆದರು. ರಾಜ್ಯ ಸರ್ಕಾರ 2002ರ ಕಾಯ್ದೆ ಮೂಲಕ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ರಚಿಸಿತು. ಹೊಳೆಯ ಎರಡೂ ದಂಡೆಯ 29 ಹಳ್ಳಿ, ಸುಮಾರು 236 ಚದರ ಕಿ.ಮೀ. ಪ್ರದೇಶ ಇದರ ವ್ಯಾಪ್ತಿಗೆ ಬಂತು. ಆನೆಗೊಂದಿ ಭಾಗದವರು ಮನೆ ಕಟ್ಟಲು, ಅಂಗಡಿ ಹಾಕಲು ಪ್ರಾಧಿಕಾರದ ಅನುಮತಿ ಕೇಳಬೇಕಾದ್ದು ಇದರಿಂದಲೇ. 2006ರಲ್ಲಿ ಹಂಪಿ ಅಪಾಯದ ಪಟ್ಟಿಯಿಂದ ಹೊರಬಂತು. ತಳವಾರಘಟ್ಟ ಸೇತುವೆ ಕೆಲಸ ಮತ್ತೆ ಮುಂದುವರೀತು.

2009ರ ಜನವರಿ 22. ಕೆಲಸ ನಡೀತಿರುವಾಗಲೇ ಸೇತುವೆ ಕುಸಿದು ಹೊಳೆಗೆ ಬಿತ್ತು. ಮೇಲಿದ್ದ ಕಾರ್ಮಿಕರು ಸೇತುವೆ ಜೊತೆಗೇ ನೀರಿಗೆ ಬಿದ್ದರು. ಜೀವ ಹೋದವು. ಹೊಟ್ಟೆಪಾಡಿಗೆ ಬಂದ ಕೂಲಿಕಾರರು ಅವರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಾದ ಸೇತುವೆ ಒಂದು ದಿನವೂ ಜನರನ್ನು ದಾಟಿಸಲಿಲ್ಲ. ಅದರ ಕಾಂಕ್ರೀಟ್ ಅವಶೇಷ ಬಹಳ ವರ್ಷ ದಂಡೆಯಲ್ಲೇ ಉಳೀತು. ವಿಜಯನಗರದ ಕಂಬಗಳು ಒಂದು ಕಡೆ, ನಮ್ಮ ಕಾಲದ ಕಾಂಕ್ರೀಟ್ ಒಂದು ಕಡೆ. ನೋಡಿದವರಿಗೆ ಬೇರೆ ವಿವರಣೆ ಬೇಕಾಗಿರಲಿಲ್ಲ.

ಪರಂಪರೆ ಉಳಿಸಬೇಕು ಅನ್ನೋದು ಸರಿ. ಜನರಿಗೆ ದಾಟಲು ದಾರಿ ಬೇಕು ಅನ್ನೋದೂ ಸರಿ. ಇವೆರಡೂ ಎದುರಾಬದುರಾ ಆದದ್ದು ಜಾಗದ ಆಯ್ಕೆಯಲ್ಲಿ. ಮೊದಲೇ ಸ್ಮಾರಕಗಳಿಂದ ದೂರ ಸರಿದು ಜಾಗ ಹುಡುಕಿದ್ದರೆ ಅಷ್ಟು ವರ್ಷ, ಅಷ್ಟು ದುಡ್ಡು, ಎಲ್ಲಕ್ಕಿಂತ ಮುಖ್ಯವಾಗಿ ಆ ಜೀವಗಳು ಉಳೀತಿದ್ದವು.

ಈಗ ಎಲ್ಲೆಲ್ಲಿ ದಾಟಬಹುದು?

ಕಡೆಬಾಗಿಲು–ಬುಕ್ಕಸಾಗರ ಸೇತುವೆ: ಆನೆಗೊಂದಿಯಿಂದ ಪೂರ್ವಕ್ಕೆ, ಮುಖ್ಯ ಸ್ಮಾರಕಗಳಿಂದ ದೂರದಲ್ಲಿ ಕಟ್ಟಿದ್ದು. ಗಂಗಾವತಿ, ಆನೆಗೊಂದಿ ಕಡೆಯಿಂದ ಹಂಪಿಗೆ ಈಗ ಇದೇ ಹತ್ತಿರದ ವಾಹನ ದಾರಿ. ಹೊಸಪೇಟೆ ಸುತ್ತೋದು ತಪ್ಪಿದೆ. ಅಂಜನಾದ್ರಿಗೆ ಬರುವ ಭಕ್ತರು ಹಂಪಿಯನ್ನೂ ಅದೇ ದಿನ ನೋಡಿಕೊಂಡು ಹೋಗ್ತಿರೋದು ಈ ಸೇತುವೆಯಿಂದ. ದಾರಿಯ ಹೋಟೆಲ್, ಎಳನೀರು, ಹಣ್ಣಿನ ಅಂಗಡಿಯವರಿಗೆ ಇದರ ಲಾಭ ಗೊತ್ತಿದೆ.

ಗಂಗಾವತಿ–ಕಂಪ್ಲಿ ಸೇತುವೆ: ಅಕ್ಕಿ, ಭತ್ತದ ವ್ಯಾಪಾರಕ್ಕೆ ಬಹಳ ಮುಖ್ಯ. ಎತ್ತರ ಕಡಿಮೆ. ಡ್ಯಾಂನಿಂದ ದೊಡ್ಡ ಪ್ರಮಾಣದಲ್ಲಿ ನೀರು ಬಿಟ್ಟಾಗ ಮುಳುಗಿ ಸಂಚಾರ ಬಂದ್ ಆಗ್ತದೆ. ಲೋಡು ಕಳಿಸುವವರು ಮಳೆಗಾಲದಲ್ಲಿ ಡ್ಯಾಂ ಹೊರಹರಿವು ನೋಡಿಯೇ ಲಾರಿ ಬಿಡೋದು ಒಳ್ಳೇದು.

ಮುನಿರಾಬಾದ್–ಹೊಸಪೇಟೆ ಹೆದ್ದಾರಿ: ಕುಷ್ಟಗಿ, ಯಲಬುರ್ಗಾ, ಕೊಪ್ಪಳದವರು ಹೊಳೆ ದಾಟೋದು ಇಲ್ಲೇ. ರಾಷ್ಟ್ರೀಯ ಹೆದ್ದಾರಿ 50 ಕುಷ್ಟಗಿಯಿಂದ ಹೊಸಪೇಟೆ ಮೇಲೆ ಚಿತ್ರದುರ್ಗಕ್ಕೆ ಹೋಗ್ತದೆ. ಒಣ ಸೀಮೆಯ ತಾಲೂಕಿನವರಿಗೆ ಹೊಳೆಯ ತೊಡಕು ಅಷ್ಟಾಗಿ ಅನುಭವಕ್ಕೆ ಬರದಿರೋದು ಈ ದಾರಿ ಇರೋದರಿಂದಲೇ.

ನವವೃಂದಾವನ ಗಡ್ಡೆ: ಇಲ್ಲಿಗೆ ಸೇತುವೆ ಇಲ್ಲ. ಆನೆಗೊಂದಿ ದಂಡೆಯಿಂದ ದೋಣಿಯೇ ಗತಿ. ಒಂಬತ್ತು ಯತಿಗಳ ವೃಂದಾವನಗಳ ದರ್ಶನಕ್ಕೆ ಬರುವವರು ಮಳೆಗಾಲದಲ್ಲಿ ಮೊದಲೇ ವಿಚಾರಿಸಿಕೊಂಡು ಬರಬೇಕು.

ಡ್ಯಾಂ ನೆನಪಿರಲಿ

ಇವತ್ತು ಈ ಎಲ್ಲ ದಾಟುವ ಜಾಗಗಳ ಹಣೆಬರಹ ಮುನಿರಾಬಾದ್ ಡ್ಯಾಂ ಕೈಯಲ್ಲಿದೆ. 1945ರಲ್ಲಿ ಕೆಲಸ ಸುರುವಾಗಿ 1953ರಲ್ಲಿ ನೀರು ನಿಂತ ಡ್ಯಾಂಗೆ 33 ಕ್ರೆಸ್ಟ್ ಗೇಟ್ ಇವೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿ ಹೋದದ್ದು ಯಾರೂ ಮರೆತಿಲ್ಲ. ಒತ್ತಡ ಇಳಿಸಲು ಉಳಿದ ಗೇಟುಗಳಿಂದಲೂ ನೀರು ಬಿಡಬೇಕಾಯ್ತು. ಒಂದು ವಾರದೊಳಗೆ ತಾತ್ಕಾಲಿಕ ಸ್ಟಾಪ್‌ಲಾಗ್ ಗೇಟು ಕೂರಿಸಿದರು. ಆ ವಾರ ನದಿ ದಂಡೆಯ ಪ್ರತಿ ಊರೂ ನಿದ್ದೆಗೆಟ್ಟು ಕೂತಿತ್ತು.

ಎಪ್ಪತ್ತು ವರ್ಷದ ಒಂದು ಚೈನು ಎಷ್ಟು ದೊಡ್ಡ ವಿಷಯ ಅನ್ನೋದು ಆಗ ಗೊತ್ತಾಯ್ತು. ಕಟ್ಟುವಾಗ ಮಂತ್ರಿಗಳು ಬರ್ತಾರೆ, ಕಲ್ಲಿನ ಮೇಲೆ ಹೆಸರು ಬೀಳ್ತದೆ. ವರ್ಷಾ ವರ್ಷ ಗ್ರೀಸ್ ಹಚ್ಚೋದು, ಬೋಲ್ಟ್ ನೋಡೋದು, ಕಂಬಕ್ಕೆ ಸಿಕ್ಕ ಕಸ ತೆಗೆಯೋದು, ಇದಕ್ಕೆ ಉದ್ಘಾಟನೆ ಇಲ್ಲ. ಹಳೆ ಸೇತುವೆ ಹೋದದ್ದೂ ಇಂಥ ಕೆಲಸ ನಿಂತಾಗಲೇ ಇರಬಹುದು.

ಹಳೆ ಕಂಬ ನೋಡಲು ಹೋಗುವವರಿಗೆ

ಡಿಸೆಂಬರ್‌ನಿಂದ ಮೇ ತನಕ ಹೊಳೆ ಇಳಿದಿರ್ತದೆ, ಆಗ ಕಂಬಗಳ ಪೂರ್ತಿ ಸಾಲು ಕಾಣ್ತದೆ. ವಿಠ್ಠಲ ದೇವಸ್ಥಾನ ನೋಡಿದ ಮೇಲೆ ಪುರಂದರ ಮಂಟಪದ ಕಡೆ ನಡೆದು ಹೋಗಿ. ಕಂಬದ ಹತ್ತಿರ ಈಜಲು ಇಳಿಯಬೇಡಿ. ಬಂಡೆ ನಡುವೆ ಸುಳಿ ಇದೆ, ಮೇಲೆ ನೀರು ಸುಮ್ಮನೆ ಕಂಡರೂ ಒಳಗೆ ಸೆಳೆತ ಇರ್ತದೆ. ಪ್ರತಿ ವರ್ಷ ಪ್ರವಾಸಿಗರು ಈ ಹೊಳೆಯಲ್ಲಿ ಜೀವ ಕಳಕೊಳ್ತಾರೆ.

ಕಂಬಕ್ಕೆ ಹಗ್ಗ ಕಟ್ಟೋದು, ಹೆಸರು ಕೆತ್ತೋದು ಮಾಡಬೇಡಿ. ಕೇಂದ್ರ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಅಂತ ಕಾನೂನು ಇದೆ. ದಂಡೆಯಲ್ಲಿ ಅಂಗಡಿ, ಶೆಡ್ ಹಾಕುವವರು ಮೊದಲು ವಿಚಾರಿಸಿಕೊಳ್ಳಿ. ವಿರುಪಾಪುರ ಗಡ್ಡೆಯ ರೆಸಾರ್ಟುಗಳನ್ನು 2020ರಲ್ಲಿ ಸುಪ್ರೀಂ ಕೋರ್ಟ್ ಆದೇಶದ ಮೇಲೆ ಕೆಡವಿದಾಗ ಎಷ್ಟು ಕುಟುಂಬಗಳ ದುಡಿಮೆ ಹೋಯ್ತು ಅನ್ನೋದು ಈ ಭಾಗದವರಿಗೆ ಗೊತ್ತಿದೆ.

ಕೊನೆಗೊಂದು ಮಾತು. ಆನೆಗೊಂದಿ, ಸಣಾಪುರ, ಚಿಕ್ಕರಾಂಪುರ, ಕಡೆಬಾಗಿಲು, ಗಂಗಾವತಿಯ ಮನೆಗಳಲ್ಲಿ ಹಳೆ ಫೋಟೊ ಇರ್ತವೆ. ಮದುವೆ ದಿಬ್ಬಣ ಹರಗೋಲಿನಲ್ಲಿ ದಾಟಿದ್ದು, ಹೊಳೆ ದಂಡೆಯಲ್ಲಿ ತೆಗೆಸಿದ್ದು, ಹಿಂದೆ ಕಂಬ ಕಾಣೋದು, ತಳವಾರಘಟ್ಟ ಸೇತುವೆ ಅರ್ಧ ಎದ್ದು ನಿಂತದ್ದು. ಅವನ್ನು ಬಿಸಾಡಬೇಡಿ. ಹಿಂದೆ ವರ್ಷ, ಊರು ಬರೆದಿಡಿ, ಮೊಬೈಲಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಮನೆಯಲ್ಲಿ ವಯಸ್ಸಾದವರಿದ್ದರೆ ಯಾವ ಘಟ್ಟದಲ್ಲಿ ದಾಟ್ತಿದ್ರಿ, ಎಷ್ಟು ಆಣೆ ಕೊಡ್ತಿದ್ರಿ ಅಂತ ಕೇಳಿ ಬರೆದಿಟ್ಟುಕೊಳ್ಳಿ. ವಿಜಯನಗರದವರು ಸೇತುವೆ ಮೇಲಿನ ಹಾಸು ಹೇಗಿತ್ತು ಅಂತ ಬರೆದಿಡಲಿಲ್ಲ, ಇವತ್ತು ನಾವು ಕಂಬ ನೋಡಿ ಊಹೆ ಮಾಡ್ತಿದ್ದೀವಿ. ನಮ್ಮ ಕಾಲದ ದಾಟುವಿಕೆ ಬಗ್ಗೆ ನಮ್ಮ ಮೊಮ್ಮಕ್ಕಳು ಹಾಗೆ ಊಹೆ ಮಾಡೋದು ಬೇಡ.